ಕಮಲಾಪುರದ ಟಿ.ವಿ. ಮತ್ತು ಯಶೋಧರಾ ಹುಡುಕಿದ ಐಸಿ

ಬೆಳಗಿನ ಆರು. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಬಟ್ಟೆ ಅಂಗಡಿಗಳ ಶಟರ್ ಇನ್ನೂ ಎದ್ದಿಲ್ಲ. ಹಿಂದಿನ ಸಂದಿಯ ಕೋಣೆಯಲ್ಲಿ ಯಶೋಧರಾ ಆಗಲೇ ಮೇಜಿಗೆ ಬಾಗಿದ್ದಾರೆ. ಎದುರಿಗೆ ಹೊಟ್ಟೆ ಬಿಚ್ಚಿಕೊಂಡು ಮಲಗಿರುವುದು ಕಮಲಾಪುರದ ಶಾಲೆಯೊಂದರ ಟಿ.ವಿ. ಅಲ್ಲಿ ಮೂರು ತಿಂಗಳಿಂದ ಗಣಿತ ಕಲಿಸುವವರಿಲ್ಲ. ಹತ್ತನೆಯ ತರಗತಿಯ ಮಕ್ಕಳಿಗೆ ಈ ಪರದೆಯೇ ಮೇಷ್ಟ್ರು. ಇವತ್ತು ಹತ್ತು ಗಂಟೆಗೆ ಪಾಠವಿದೆ.

‘ಬೋರ್ಡ್ ಹೋಗಿದೆ, ಹೊಸ ಟಿ.ವಿ. ತಗೊಳ್ಳಿ’ ಎಂದು ಸರ್ವಿಸ್ ಸೆಂಟರ್‌ನವರು ಸಾಗಹಾಕಿದ್ದಾರೆ. ಸ್ಕ್ರೂ ಮೇಲಿನ ಸೀಲ್ ಕೂಡ ಹರಿದಿಲ್ಲ. ಬಿಚ್ಚಿಯೇ ನೋಡದೆ ತೀರ್ಪು ಕೊಟ್ಟವರಿಗೆ ಎ.ಸಿ. ಕೋಣೆ, ಕೊರಳಲ್ಲಿ ಗುರುತಿನ ಚೀಟಿ.

ಯಶೋಧರಾ ಬೋರ್ಡಿಗೆ ಸ್ಪಿರಿಟ್ ಸವರಿ ಕರೆಂಟ್ ಕೊಡುತ್ತಾರೆ. ಬೋರ್ಡಿನ ಐಸಿ ಚಿಪ್‌ಗಳಲ್ಲಿ ಕೆಟ್ಟದ್ದು ಬಿಸಿಯೇರುತ್ತದೆ, ಅದರ ಮೇಲಿನ ಹಸಿ ಮೊದಲು ಆರುತ್ತದೆ. ‘ಜ್ವರ ಬಂದದ ನೋಡ್ರಿ ಇದಕ್ಕ’ ಎನ್ನುತ್ತಾರೆ. ಉಗುರಿಗಿಂತ ಸಣ್ಣ ಮೆಮರಿ ಐಸಿ. ಟಿ.ವಿ. ಹೇಗೆ ನಡೆಯಬೇಕೆಂಬ ಅಪ್ಪಣೆಯೆಲ್ಲ ಅದರೊಳಗಿದೆ.

ಏಳನೆಯ ತರಗತಿಗೆ ಶಾಲೆ ಬಿಟ್ಟವರು ಇವರು. ಇದೇ ಊರಿನ ರೋಜಾ ಬಡಾವಣೆಯ ಜಹಾಂಗೀರ್ ಉಸ್ತಾದರ ರಿಪೇರಿ ಅಂಗಡಿಯಲ್ಲಿ ಕಸ ಗುಡಿಸುತ್ತಲೇ ಬೆಸುಗೆ ಕಲಿತರು. ಹತ್ತೊಂಬತ್ತು ವರ್ಷವಾಯಿತು. ದಿನಕ್ಕೆ ಐದಾರು ಸೆಟ್. ಬೆರಳ ತುಂಬ ಸುಟ್ಟ ಕಲೆ. ‘ಈಗೂ ಬಂದವ್ರು ಮೇಸ್ತ್ರಿ ಎಲ್ಲಿ ಅಂತಾರ್ರಿ. ಚಾ ಕುಡ್ಯಾಕ ಹೋಗ್ಯಾನ, ಅಲ್ಲೀತನ ನಾ ಮಾಡ್ತೀನಿ ಕೊಡ್ರಿ ಅಂತೀನಿ.’

ಹಳೆಯ ಸೆಟ್ಟಿನಿಂದ ಕಿತ್ತಿಟ್ಟಿದ್ದ ಐಸಿಯೊಂದನ್ನು ಕೂರಿಸುತ್ತಾರೆ. ಪರದೆ ಬೆಳಗುತ್ತದೆ, ಆದರೆ ಚಿತ್ರ ತಲೆಕೆಳಗು.

ಟಿ.ವಿ. ಒಯ್ಯಲು ಬಂದು ಕುಳಿತಿರುವ ಕನ್ನಡ ಮಾಸ್ತರ ಮಹಾದೇವಪ್ಪ ಕೇಳುತ್ತಾರೆ: ‘ಅಕ್ಕಾ, ನಮ್ಮ ಹುಡುಗೂರು ಶೀರ್ಷಾಸನ ಹಾಕಿ ಕಲೀಬೇಕೇನು?’

‘ನಗ್ರಿ ಸರ್, ನಗ್ರಿ. ತಪ್ಪು ನಂದೇ. ಮುಂದಿನ ಕಂಪನಿ ಹೆಸರು ನೋಡೀನಿ, ಪರದೆ ಬೆನ್ನಿನ ನಂಬರ್ ನೋಡಿಲ್ಲ.’

ಹೆಸರೊಂದೇ ಆದರೂ ಒಳಗಿನ ಪರದೆ ಬೇರೆ ಬೇರೆ. ಒಂದರ ಅಪ್ಪಣೆ ಇನ್ನೊಂದಕ್ಕೆ ತಿರುಗುಮುರುಗು. ಹಳೆಯ ಐಸಿಗಳನ್ನು ತುಂಬಿಟ್ಟ ಮಾತ್ರೆ ಡಬ್ಬಿಗಳನ್ನೆಲ್ಲ ಮೇಜಿಗೆ ಸುರಿದು, ಭೂತಗನ್ನಡಿ ಹಿಡಿದು ನಂಬರ್ ಹುಡುಕುತ್ತಾರೆ. ಏಳಾಗುತ್ತದೆ, ಏಳೂವರೆಯಾಗುತ್ತದೆ. ಮಾಸ್ತರ ಈಗ ನಗುತ್ತಿಲ್ಲ. ‘ಇರ್ಲಿ ಬಿಡು ಅಕ್ಕಾ, ನಾಳಿಗಿ...’

‘ಯಾಕ ಬಿಡ್ಲಿ?’ ತಲೆ ಎತ್ತದೆ ಹೇಳುತ್ತಾರೆ. ‘ಒಂದು ದಿನದ ಲೆಕ್ಕ ತಪ್ಪಿದ್ರ ನೀವು ಕಲಿಸ್ತೀರೇನು?’

ನಲವತ್ತೊಂದನೆಯ ಐಸಿಯ ನಂಬರ್ ಹೊಂದುತ್ತದೆ. ಬಿಸಿಗಾಳಿ, ಬೆಸುಗೆ, ಕರೆಂಟ್. ಚಿತ್ರ ನೆಟ್ಟಗೆ ನಿಲ್ಲುತ್ತದೆ. ಮಾಸ್ತರ ಟಿ.ವಿ.ಯನ್ನು ಜೀಪಿಗೆ ಹಾಕಿಸುವಾಗ ಎಂಟೂಕಾಲು.

‘ಹುಡುಗೂರಿಗೆ ಏನರ ಹೇಳಬೇಕೇನು?’ ಎಂದು ಮಾಸ್ತರ ಕೇಳುತ್ತಾರೆ.

ಯಶೋಧರಾ ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ. ‘ಒಂದು ದಿನ ನಿಮ್ಮ ಸಾಲಿಗಿ ನನ್ನ ಕರೀರಿ. ಸನ್ಮಾನ ಬ್ಯಾಡ. ಇದರ ಹಿಂಬದಿ ಬಿಚ್ಚಿ ತೋರಿಸ್ತೀನಿ, ಮುಂದಿಂದು ದಿನಾ ನೋಡ್ತಾರಲ್ಲ.’