ಸುಣ್ಣದ ನೀರಿನ ಬಕೆಟ್

ದೊಡ್ಡಮ್ಮನ ಪಾದಗಳು ಹರಡಿನವರೆಗೆ ಬೆಳ್ಳಗಿದ್ದವು, ಅಲ್ಲಿಂದ ಮೇಲೆ ಕಪ್ಪು. ದೂರದಿಂದ ನೋಡಿದರೆ ಬಿಳಿ ಕಾಲುಚೀಲ ಹಾಕಿಕೊಂಡ ಹಾಗೆ ಕಾಣುತ್ತಿತ್ತು. ದಿನಕ್ಕೆ ಎಂಟು ಹತ್ತು ಸಲ ಸುಣ್ಣದ ನೀರಿನಲ್ಲಿ ಅದ್ದಿ ಅದ್ದಿ ಹಿಮ್ಮಡಿಯ ಬಿರುಕುಗಳೊಳಗೂ ಸುಣ್ಣ ಕೂತಿತ್ತು. ಒಂದು ಕಾಲಿನ ಕಿರುಬೆರಳು ಇರಲಿಲ್ಲ. ಮರಿ ಹಾಕಿದ ಹಂದಿ ಕಚ್ಚಿದ್ದು. ಎಡಗಾಲು ಎಂದು ನನ್ನ ನೆನಪು. ಅಮ್ಮ ಬಲಗಾಲು ಅನ್ನುತ್ತಾಳೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಇಲ್ಲಿ ಬರೆಯುವುದರಲ್ಲಿ ಕೆಲವು ಹಾಗೆಯೇ ನಡೆದಿರಲಿಕ್ಕಿಲ್ಲ. ಕಾಲೇಜು ಸೇರಿದಾಗಿನಿಂದ ದಿನಚರಿ ಬರೆಯುತ್ತಿದ್ದೇನೆ. ಹಳೆಯ ಪುಟ ತೆಗೆದು ನೋಡಿದಾಗೆಲ್ಲ ನನ್ನ ನೆನಪು ಸುಳ್ಳು ಹೇಳಿ ಸಿಕ್ಕಿಬಿದ್ದಿದೆ.

ನಾನು ಬೆಳೆದದ್ದು ಬಸರೀಕಟ್ಟೆ ಹತ್ತಿರದ ಕಾಫಿ ತೋಟವೊಂದರ ಲೈನ್ ಮನೆಯಲ್ಲಿ. ಅಪ್ಪ ಅಮ್ಮ ಇಬ್ಬರೂ ತೋಟದ ಆಳುಗಳು. ದೊಡ್ಡಮ್ಮ ನಮಗೆ ಸಂಬಂಧದಲ್ಲಿ ಏನೂ ಅಲ್ಲ; ಲೈನಿನ ಮಕ್ಕಳೆಲ್ಲ ಹಾಗೆ ಕರೆಯುತ್ತಿದ್ದರು. ಒಂಟಿ ಹೆಂಗಸು. ಹಗಲು ತೋಟದ ಕೆಲಸ, ಉಳಿದ ಹೊತ್ತೆಲ್ಲ ಹಳ್ಳದ ಆಚೆಗಿನ ತನ್ನ ಹಂದಿದೊಡ್ಡಿ. ದೊಡ್ಡಿಯ ಗೇಟಿನಲ್ಲಿ ಒಂದು ನೀಲಿ ಬಕೆಟ್, ಅದರಲ್ಲಿ ಸುಣ್ಣದ ನೀರು. ಯಾರೇ ಬರಲಿ, ಕಾಲು ಅದ್ದಿಯೇ ಒಳಗೆ ಹೋಗಬೇಕು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಿಂದೆ ಒಮ್ಮೆ ಹಂದಿ ನೋಡಲು ಬಂದ ವ್ಯಾಪಾರಿ ವಾಪಸು ಹೋಗಿ ವಾರದೊಳಗೆ ಮರಿಗಳೆಲ್ಲ ಸತ್ತಿದ್ದವಂತೆ. ರೋಗ ಕಾಲಲ್ಲಿ ನಡೆದು ಬರ್ತದೆ ಎಂದು ಅವಳೇ ಲೆಕ್ಕ ಹಾಕಿದ್ದಳು.

ಒಮ್ಮೆ ತೋಟದ ಲೆಕ್ಕ ಬರೆಯುವ ರೈಟರು ವಾಸನೆಯ ದೂರು ಹೊತ್ತು ಬಂದರು. ಹೊಸ ಬೂಟು. ದೊಡ್ಡಮ್ಮ ಬಕೆಟ್ ತೋರಿಸಿದಳು. ಬೂಟು ಹಾಳಾಗ್ತದೆ ಎಂದು ಅವರು ಹಿಂದೆಮುಂದೆ ನೋಡಿದರು.

"ನಿಮ್ಮ ಬೂಟು ಎಲ್ಲೆಲ್ಲಿ ತಿರುಗಿ ಬಂದದ್ದೋ ನಂಗೆಂತ ಗೊತ್ತು ಸ್ವಾಮಿ. ನನ್ನ ಹಂದಿಗೆ ಅದರದ್ದೇ ಗಲೀಜು ಸಾಕು" ಎಂದಳು.

ರೈಟರು ದೂರನ್ನು ಬೇಲಿಯ ಹೊರಗೇ ಹೇಳಿ ಹೋದರು. ನಾವು ಮಕ್ಕಳು ವಾರಗಟ್ಟಲೆ ಆ ಮಾತನ್ನು ಆಡಿಕೊಂಡು ನಕ್ಕೆವು.

ಹಂದಿಗಳಿಗೆ ಮುಸುರೆ ತರುತ್ತಿದ್ದದ್ದು ಜಯಪುರದ ಸಾಹೇಬರ ಹೋಟೆಲಿನಿಂದ ಮಾತ್ರ. ಬೇರೆ ಹೋಟೆಲಿನ ಎಂಜಲಲ್ಲಿ ಹಂದಿಮಾಂಸ ಇದ್ದರೂ ಇರಬಹುದು, ಅದರ ಜೊತೆ ಹಂದಿಯ ರೋಗವೂ ಬಂದೀತು, ಸಾಹೇಬರ ಅಡುಗೆಮನೆಗೆ ಅದು ಬರುವುದೇ ಇಲ್ಲ, ನನ್ನ ಹಂದಿಗೆ ಅಲ್ಲಿಯದ್ದೇ ಕ್ಷೇಮ ಎನ್ನುವುದು ಅವಳ ವಾದ. ಸಾಹೇಬರು ಹಿತ್ತಲ ಬಾಗಿಲಲ್ಲಿ ಡಬ್ಬ ಇಟ್ಟು, "ಯಾರಿಗೆ ಹಾಕ್ತೀ ಅಂತ ಮಾತ್ರ ನಂಗೆ ಹೇಳಬೇಡ ಮಾರಾಯ್ತಿ" ಅನ್ನುತ್ತಿದ್ದರಂತೆ. ಇದನ್ನು ಅವಳು ಅವರದೇ ದನಿಯಲ್ಲಿ ಹೇಳಿ ತೋರಿಸುತ್ತಿದ್ದಳು.

ನನ್ನನ್ನು ಈಗಿನ ಲ್ಯಾಬಿನ ಕೆಲಸಕ್ಕೆ ಹಚ್ಚಿದವಳೂ ಅವಳೇ ಎಂದು ನಾನು ನಂಬಿಕೊಂಡಿದ್ದೇನೆ. ಆರನೆಯ ಕ್ಲಾಸಿರಬೇಕು. ಹಂದಿ ಕೊಯ್ದ ದಿನ ಅವಳು ಶ್ವಾಸಕೋಶವನ್ನು ಬಾಳೆಲೆಯ ಮೇಲಿಟ್ಟು, ಶ್ವಾಸನಾಳಕ್ಕೆ ಪಪ್ಪಾಯಿ ದಂಟು ತುರುಕಿ ಊದಿದಳು. ಕುಗ್ಗಿ ಮುದ್ದೆಯಾಗಿ ಬಿದ್ದಿದ್ದದ್ದು ತಿಳಿಗುಲಾಬಿಯಾಗಿ ಉಬ್ಬಿ ಎಲೆಯ ಅಂಚನ್ನು ಮುಟ್ಟಿತು. "ನೋಡು ಕೂಸೇ, ಇಷ್ಟು ಜಾಗ ಉಂಟು ಒಳಗೆ" ಎಂದಳು. ನಾನು ಮುಂದೆ ಜೀವಶಾಸ್ತ್ರ ಓದಿದೆ.

ಈಗ ನಗರದ ಒಂದು ಲ್ಯಾಬಿನಲ್ಲಿ ನನ್ನ ಕೆಲಸ ಹಂದಿಯ ಶ್ವಾಸಕೋಶದ ಜೀವಕೋಶಗಳ ಜೊತೆಗೆ. ಅಲ್ಲಿ ಕಾವಲು ಕೋಶಗಳಿರುತ್ತವೆ. ಉಸಿರಿನ ಜೊತೆ ಬಂದ ಧೂಳನ್ನೂ ರೋಗಾಣುವನ್ನೂ ನುಂಗುವುದು ಅವುಗಳ ಕೆಲಸ. ಈಗ ಊರೂರಲ್ಲಿ ಹಂದಿಗಳನ್ನು ಕೊಲ್ಲುತ್ತಿರುವ ಜ್ವರದ ವೈರಸ್ ಮುಖ್ಯವಾಗಿ ಬೆಳೆಯುವುದು ಇಂಥ ಕಾವಲು ಕೋಶಗಳ ಒಳಗೇ. ವೈರಸ್ಸನ್ನು ಅರಿಯಬೇಕಾದರೆ ಅವು ಬೇಕು. ಆದರೆ ಹೊರತೆಗೆದು ತಟ್ಟೆಯಲ್ಲಿಟ್ಟರೆ ಅವು ಕೆಲವೇ ದಿನ ಬದುಕುತ್ತವೆ. ಹಾಗಾಗಿ ಪ್ರತಿ ಪ್ರಯೋಗಕ್ಕೂ ಇನ್ನೊಂದು ಹಂದಿ. ಮುಪ್ಪು ತಡೆಯುವ ಜೀನ್ ಒಂದನ್ನು ಸೇರಿಸಿ ಅವು ವರ್ಷಗಟ್ಟಲೆ ಒಂದು ಎರಡಾಗುತ್ತಲೇ ಇರುವಂತೆ ಮಾಡಲು ನಾವು ಹೊರಟಿದ್ದೆವು. ಹೆಚ್ಚಿನವು ಸತ್ತವು. ಬದುಕಿದ ಕೆಲವು ಕಾವಲಿನ ಕೆಲಸವನ್ನೇ ಮರೆತವು. ಅಂಥವುಗಳ ಒಳಗೆ ವೈರಸ್ ಬೆಳೆಯುವುದಿಲ್ಲ. ವೈರಸ್ ಬೆಳೆಯುತ್ತದೋ ಇಲ್ಲವೋ ಎಂಬ ಪರೀಕ್ಷೆ ನಡೆಯುವುದು ಬೇರೊಂದು ಭದ್ರವಾದ ಲ್ಯಾಬಿನಲ್ಲಿ. ನಮ್ಮಲ್ಲಿ ವೈರಸ್ ಇರಲಿಲ್ಲ.

ರೋಗವೇ ಬಾರದ ದೊಡ್ಡಿ ಯಾರಿಗಾದರೂ ಗೊತ್ತೇ ಎಂದು ನಮ್ಮ ಮುಖ್ಯಸ್ಥರು ಕೇಳಿದಾಗ ನಾನು ಯೋಚಿಸದೆ ಕೈ ಎತ್ತಿದೆ.

ದೊಡ್ಡಮ್ಮ ತಿಂಗಳಿಗೊಮ್ಮೆ, ಭಾನುವಾರ ಕೊಯ್ಯುತ್ತಿದ್ದಳು. ಯಾರೂ ಕೊಳ್ಳದ ಶ್ವಾಸಕೋಶ ನನಗೆ. ಒಳಗೆ ಉಪ್ಪುನೀರು ಹೊಯ್ದು, ತೊಳೆದು, ಕೋಶಗಳು ಇಳಿದ ಆ ನೀರನ್ನು ಐಸ್ ಪೆಟ್ಟಿಗೆಯಲ್ಲಿ ತರುವುದು. ಮೂರು ಸಲ ಹೋದೆ. ನಾಲ್ಕನೆಯ ಸಲ ಮಾವ, ಅಂದರೆ ಅಮ್ಮನ ತಮ್ಮ, ತನ್ನ ಜೀಪಿನಲ್ಲಿ ಕರೆದುಕೊಂಡು ಹೋದ. ದಾರಿಯಲ್ಲಿ ಸೀತೂರಿನಲ್ಲಿ ಅವನಿಗೆ ಗೊತ್ತಿದ್ದವರ ದೊಡ್ಡಿ ಒಂದಿತ್ತು. ಮುಂದಕ್ಕೆ ಬೇಕಾದೀತು ಎಂದು ನೋಡಲು ಇಳಿದೆ. ಮೂಲೆಯಲ್ಲಿ ಎರಡು ಹಂದಿ ಮೇವು ಬಿಟ್ಟು ಮಲಗಿದ್ದವು. ಸೆಕೆಗೆ ಹಾಗೆ ಎಂದರು ಮನೆಯವರು. ನಾನೂ ಹಾಗೇ ಅಂದುಕೊಂಡೆ. ಅಲ್ಲಿ ಬಕೆಟ್ ಇರಲಿಲ್ಲ.

ಬಸರೀಕಟ್ಟೆ ಮುಟ್ಟುವಾಗ ಮಧ್ಯಾಹ್ನ. ದೊಡ್ಡಮ್ಮ ಗಿರಾಕಿಗಳನ್ನೂ ಕಾಯಿಸಿ ನನಗಾಗಿ ಹಂದಿ ಕೊಯ್ಯದೆ ಉಳಿಸಿಕೊಂಡಿದ್ದಳು. ಮಾವ ಗೇಟಿನ ಪಕ್ಕ ಜೀಪು ನಿಲ್ಲಿಸಿ ಬಾನೆಟ್ಟಿಗೆ ಒರಗಿದ. ಇಲ್ಲಿಂದ ಮುಂದೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ನಾನು ಶೂಸ್ ಸಮೇತ ಬಕೆಟ್ಟಿಗೆ ಕಾಲಿಡುತ್ತೇನೆ, ನೀರು ಕಾಲುಚೀಲದೊಳಗೆ ಇಳಿದು ತಣ್ಣಗಾಗುತ್ತದೆ. ಇನ್ನೊಂದರಲ್ಲಿ ದೊಡ್ಡಮ್ಮ ದೊಡ್ಡಿಯ ಒಳಗಿನಿಂದಲೇ ಕೈಬೀಸಿ, "ನೀನೆಂತ ಹೊರಗಿನವಳಾ, ಹೊತ್ತಾಯ್ತು ಬಾ" ಅನ್ನುತ್ತಾಳೆ, ನನಗೆ ಎಷ್ಟು ಖುಷಿಯಾಗುತ್ತದೆ ಎಂದರೆ ನಾನು ಬಕೆಟ್ ದಾಟಿ ಓಡುತ್ತೇನೆ. ಆ ದಿನದ ದಿನಚರಿಯಲ್ಲಿ ಇರುವುದು ಇಷ್ಟು: ಸೀತೂರು ನೋಡಿದ್ದಾಯಿತು. ಶ್ವಾಸಕೋಶ ಒಂದು ಜೊತೆ. ಮೂರು ಸಲ ತೊಳೆದೆ. ಐಸ್ ಸಾಕಾಯಿತು. ದೊಡ್ಡಮ್ಮ ಹಲಸಿನ ಹಪ್ಪಳ ಕೊಟ್ಟರು.

ಹತ್ತು ಹನ್ನೆರಡು ದಿನ ಕಳೆದು ಮಾವ ಫೋನ್ ಮಾಡಿದ. ದೊಡ್ಡಮ್ಮನ ದೊಡ್ಡಿಯಲ್ಲಿ ಹಂದಿಗಳ ಕಿವಿ ಕೆಂಪಗಾಗಿ ನೀಲಿಗೆ ತಿರುಗುತ್ತಿದೆ, ನಾಲ್ಕು ಹೋದವು ಎಂದ. ಸೀತೂರಿನವರದ್ದು ಆಗಲೇ ಎಲ್ಲ ಹೋಗಿತ್ತು ಎನ್ನುವುದನ್ನೂ ಅವನೇ ಹೇಳಿದ್ದು.

ನಾನು ಹೋಗುವಷ್ಟರಲ್ಲಿ ಬಿಳಿ ಪ್ಲಾಸ್ಟಿಕ್ ಉಡುಪು ತೊಟ್ಟ ಪಶು ಇಲಾಖೆಯವರು ಬಂದಾಗಿತ್ತು. ಉಳಿದ ಏಳನ್ನೂ ಕೊಲ್ಲಲೇಬೇಕು, ಅದೇ ನಿಯಮ. ನನ್ನನ್ನು ಬೇಲಿಯ ಹೊರಗೆ ನಿಲ್ಲಿಸಿದರು. ದೊಡ್ಡಮ್ಮ ಅವರಿಗೂ ಬಕೆಟ್ ತೋರಿಸಿದಳು. ಅವರು ಮುಖ ಮುಖ ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಕಾಲು ಅದ್ದಿ ಒಳಗೆ ಹೋದರು. ದೊಡ್ಡ ತಾಯಿಹಂದಿ ಅವರ ಕೈಗೆ ಸಿಗದೆ ಸುತ್ತುತ್ತಿದ್ದಾಗ ದೊಡ್ಡಮ್ಮನೇ ಕರೆದಳು. ಮುಸುರೆಗೆ ಕರೆಯುವ ಅದೇ ಕೂಗು. ಅದು ಬಂತು.

ಹೊಂಡಕ್ಕೆ ಸುಣ್ಣ ಸುರಿದರು. ಅವಳು ಅಂಚಿನಲ್ಲಿ ನಿಂತು ನೋಡಿ, "ಇಷ್ಟು ಸಾಲ್ದು. ಇನ್ನೊಂದು ಚೀಲ ತನ್ನಿ" ಎಂದಳು. ಅತ್ತದ್ದು ನಾನು ನೋಡಲಿಲ್ಲ. ಅತ್ತಿದ್ದಳೆಂದು ಅಮ್ಮ ಹೇಳುತ್ತಾಳೆ.

ಇತ್ತ ಲ್ಯಾಬಿನಲ್ಲಿ, ಆ ನಾಲ್ಕನೆಯ ಸಲ ತಂದ ಕೋಶಗಳು ಸಾಯಲಿಲ್ಲ. ಒಂದು ತಟ್ಟೆಯವು ಎರಡಾದವು, ನಾಲ್ಕಾದವು, ತಿಂಗಳುಗಳು ಕಳೆದರೂ ತಮ್ಮ ಕೆಲಸ ಮರೆಯಲಿಲ್ಲ. ಭದ್ರವಾದ ಲ್ಯಾಬಿನಿಂದ ವರದಿ ಬಂತು: ವೈರಸ್ ಇವುಗಳಲ್ಲಿ ಚೆನ್ನಾಗಿ ಬೆಳೆಯುತ್ತದೆ. ನೀವು ಕಳಿಸಿದಾಗ ಕೋಶಗಳಲ್ಲಿ ರೋಗದ ಸುಳಿವೇ ಇರಲಿಲ್ಲ. ಎಲ್ಲರೂ ಕೈ ಕುಲುಕಿದರು. ವರದಿಯ ಆ ಕೊನೆಯ ವಾಕ್ಯವನ್ನು ನಾನು ಮತ್ತೆ ಮತ್ತೆ ಓದಿದೆ. ಅಂದರೆ ಅವತ್ತು ಮಧ್ಯಾಹ್ನ, ಕೊಯ್ದ ಆ ಒಂದು ಹಂದಿಯಲ್ಲಂತೂ, ರೋಗ ಇರಲಿಲ್ಲ. ಮುಸುರೆ ಸಾಹೇಬರ ಹೋಟೆಲಿನದು. ಆ ವಾರಗಳಲ್ಲಿ ಸೀತೂರಿನಿಂದ ಆ ದೊಡ್ಡಿಗೆ ಹೋದವಳು, ನನಗೆ ತಿಳಿದ ಮಟ್ಟಿಗೆ, ನಾನೊಬ್ಬಳೇ. ಕಾಡುಹಂದಿ ಬಂದಿರಬಹುದು. ಗಿರಾಕಿ ಯಾರಾದರೂ ತಂದಿರಬಹುದು. ಜೀಪಿನ ಚಕ್ರವೂ ಸೀತೂರಿನ ಅಂಗಳ ತುಳಿದಿತ್ತು. ಈ ಪಟ್ಟಿಯನ್ನು ನಾನು ಎಷ್ಟೋ ಸಲ ಮಾಡಿದ್ದೇನೆ.

ಆಮೇಲೆ ದೊಡ್ಡಮ್ಮ ಹಂದಿ ಸಾಕಲಿಲ್ಲ. ಖಾಲಿ ದೊಡ್ಡಿಯ ಗೇಟಿನಲ್ಲಿ ಬಕೆಟ್ ಮಾತ್ರ ಇತ್ತು, ಸುಣ್ಣದ ನೀರು ತುಂಬಿಕೊಂಡೇ. ದೀಪಾವಳಿಗೆ ಹೋದಾಗ ತಪ್ಪೊಪ್ಪಿಕೊಳ್ಳಲೆಂದೇ ಅವಳ ಜಗಲಿಯಲ್ಲಿ ಕೂತೆ. ಬಾಯಿಗೆ ಬಂದದ್ದು ಬೇರೆ. ನಿಮ್ಮ ಹಂದಿಯ ಕೋಶ ಇನ್ನೂ ಬದುಕಿದೆ, ನಾವೆಲ್ಲ ಹೋದ ಮೇಲೂ ಇರಬಹುದು, ಇನ್ನು ಪ್ರತಿ ಸಲ ಹಂದಿ ಕೊಲ್ಲಬೇಕಾಗಿಲ್ಲ ಎಂದೆ. ಅವಳು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡಳು.

"ಅದಕ್ಕೆ ಹಸಿವಾಗ್ತದಾ?"

"ಆಗ್ತದೆ. ಎರಡು ದಿನಕ್ಕೊಮ್ಮೆ ಊಟ ಹಾಕ್ತೇನೆ."

"ಹಾಗಾದ್ರೆ ಹಂದಿಯೇ" ಎಂದಳು. ಇನ್ನಷ್ಟು ಸುಣ್ಣ ಬೆರಳಿಗೆ ತೆಗೆದುಕೊಂಡು, "ಅದು ಇರುವಲ್ಲಿಗೆ ಹೋಗುವಾಗ ಕಾಲು ತೊಳೀತೀಯಾ ಕೂಸೇ?"

ಚಪ್ಪಲಿ ಬದಲಿಸುತ್ತೇವೆ, ಗ್ಲೌಸ್ ಹಾಕುತ್ತೇವೆ, ಸ್ಪಿರಿಟ್ ಒರೆಸುತ್ತೇವೆ. ಅದೆಲ್ಲ ಹೇಳದೆ, "ತೊಳೀತೇನೆ ದೊಡ್ಡಮ್ಮ" ಎಂದೆ. ಅವಳು ತಲೆಯಾಡಿಸಿ ಎಲೆ ಬಾಯಿಗಿಟ್ಟಳು. ಗೊತ್ತಿದ್ದು ಕೇಳಿದಳೋ, ಸುಮ್ಮನೆ ಕೇಳಿದಳೋ. ಅವಳ ಮುಖ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ಹೋದರೆ ಸುಣ್ಣ ಹಚ್ಚುವ ಬೆರಳು ಮಾತ್ರ ಕಾಣುತ್ತದೆ.

ಕಾಫಿ ಕೊಯ್ಲಿನ ಹೊತ್ತಿಗೆ, ಗಿಡದ ಬುಡದಲ್ಲಿ ಕುಸಿದು ಬಿದ್ದಳು. ಮಾವನ ಜೀಪಿನಲ್ಲೇ ಕೊಪ್ಪದ ಆಸ್ಪತ್ರೆಗೆ ಹೊರಟರಂತೆ. ಜಯಪುರ ದಾಟುವ ಮೊದಲೇ ಹೋಗಿಬಿಟ್ಟಳು. ನಾನು ಮಣ್ಣು ಮಾಡುವ ಹೊತ್ತಿಗೆ ತಲುಪಿದೆ. ಹೆಂಗಸರು ಅವಳ ಕಾಲು ಎಷ್ಟು ತಿಕ್ಕಿದರೂ ಬಿಳಿ ಹೋಗಲಿಲ್ಲ. ಯಾವ ಕಾಲಿಗೆ ಬೆರಳಿಲ್ಲ ಎಂದು ನೋಡಬೇಕೆಂದುಕೊಂಡವಳು ನೋಡಲಿಲ್ಲ.

ವಾಪಸು ಬರುವಾಗ ಕೊಪ್ಪದ ಬಸ್‌ಸ್ಟ್ಯಾಂಡಿನವರೆಗೆ ಮಾವ ಬಿಟ್ಟ. ಜೀಪಿನಲ್ಲಿ ನಾವಿಬ್ಬರೇ. ಆಗ ಕೇಳಿದೆ. ಅವನು ಎದುರಿಗೆ ಯಾರೂ ಇಲ್ಲದ ತಿರುವಿನಲ್ಲಿ ಹಾರ್ನ್ ಹೊಡೆದ, ಗೇರ್ ಬದಲಿಸಿದ, ಬಸ್ಸಿಗೆ ಹೊತ್ತಾಯಿತು ಎಂದ. ಅದಾಗಿ ತಿಂಗಳುಗಳಾದವು. ಕೋಶಗಳು ಇನ್ನೂ ಬೆಳೆಯುತ್ತಿವೆ. ಮಾವ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಟೈರಿನ ವಿಷಯ, ಮಂಗನ ಕಾಟದ ವಿಷಯ ಎಲ್ಲ ಹೇಳುತ್ತಾನೆ. ನಾನು ಮತ್ತೆ ಕೇಳಿಲ್ಲ, ಅವನು ಮರೆತಿಲ್ಲ. ನಾನು ಕೇಳಿದ್ದು ಇಷ್ಟೇ:

"ಮಾವ, ನೀನು ಗೇಟಿನ ಹತ್ರವೇ ನಿಂತಿದ್ದೆಯಲ್ಲ. ಅವತ್ತು ನಾನು ಬಕೆಟ್ಟಿಗೆ ಕಾಲು ಹಾಕಿದ್ನಾ?"