ಮೊದಲ ಲಾಟಿನ ಕ್ಯಾಸೆಟ್ಟು

ಆ ಗಾಯಕ ತೀರಿಕೊಂಡ ಮೇಲೆ ಬಂದ ಕ್ಯಾಸೆಟ್ಟನ್ನು ನಮ್ಮ ಓಣಿಗೆ ಮೊದಲು ತಂದವಳು ನಾನು. ಕುಕ್ಕರಿನ ರಬ್ಬರು ತರಲೆಂದು ನಮ್ಮ ಊರಿನ ಪೇಟೆಯಾದ ಸೂಪರ್ ಮಾರ್ಕೆಟ್‌ಗೆ ಹೋಗಿದ್ದೆ. ಕ್ಯಾಸೆಟ್ ಅಂಗಡಿಯ ಮುಂದೆ ಜನ ನಿಂತದ್ದು ಕಂಡು ಅಲ್ಲಿಯೇ ನಿಂತೆ, ರಬ್ಬರು ಮರೆತು ಮನೆಗೆ ಬಂದೆ. ಆ ವಾರವೆಲ್ಲ ಬೇಳೆ ತಪೇಲಿಯಲ್ಲೇ ಬೆಂದಿತು. ಮನೆಯವರು ದಿನಾ ಊಟಕ್ಕೆ ಕೂತಾಗ ಒಲೆಯ ಕಡೆ ಒಮ್ಮೆ ನೋಡುತ್ತಿದ್ದರು.

ತೊಂಬತ್ತರ ದಶಕದ ನಡುವಿನ ಮಾತು ಇದು. ಅವನು ನಮ್ಮ ಕಡೆಯವನೇ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಹೋಟೆಲಿನಲ್ಲಿ ಎಲ್ಲೆಲ್ಲೂ ಅವನ ಕ್ಯಾಸೆಟ್ಟೇ. ಇನ್ನೂ ಸಣ್ಣ ವಯಸ್ಸಿನಲ್ಲಿ, ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟ. ಹಾಡಿ ಇಟ್ಟಿದ್ದು ಇನ್ನೂ ಹೊರಗೆ ಬಾರದಿದ್ದ ಹಾಡೊಂದನ್ನು ಕಂಪನಿಯವರು ಆಮೇಲೆ ಬಿಟ್ಟರು. 'ಚಿಲಕ ಹಾಕಬ್ಯಾಡ, ಈಗ ಹೋಗಿ ಈಗ ಬಂದೆ' ಎಂದು ಅದರ ಪಲ್ಲವಿ. ಸಂತೆಗೆ ಹೊರಟವನು ಹೆಂಡತಿಗೆ ಹೇಳುವ ಮಾತು. ಆದರೆ ಹೋದವನು ಬಾರದೇ ಉಳಿದ ಮೇಲೆ ಆ ಸಾಲನ್ನು ಸಂತೆಯ ಮಾತೆಂದು ಯಾರು ಕೇಳುತ್ತಾರೆ?

ನನ್ನ ಟೇಪಿನಲ್ಲಿ ಅವನ ದನಿ ಭಾರವಾಗಿತ್ತು. ಒಂದೊಂದು ಶಬ್ದವನ್ನೂ ಎತ್ತಿ ಇಡಲಾರದೆ ಇಟ್ಟಂತೆ ಹಾಡಿದ್ದ. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಓಣಿಯ ನಾಲ್ಕಾರು ಜನ ಹೆಂಗಸರು ಮೊರದಲ್ಲಿ ತೊಗರಿಬೇಳೆ ಹಾಕಿಕೊಂಡು ನಮ್ಮ ಪಡಸಾಲೆಗೆ ಬರುತ್ತಿದ್ದರು. ಬೇಳೆ ಹಸನು ಮಾಡುತ್ತ ಹಾಡು ಕೇಳುವುದು. ಎಲ್ಲಿ ಉಸಿರು ತೆಗೆದುಕೊಂಡ, ಎಲ್ಲಿ ಗಂಟಲು ಕಟ್ಟಿತು, ಎಲ್ಲವನ್ನೂ ನಾನೇ ಬಿಡಿಸಿ ಹೇಳುತ್ತಿದ್ದೆ. "ಸಾವು ಬರೋದು ಅವರಿಗಿ ಗೊತ್ತಾಗಿತ್ತು ನೋಡ್ರಿ" ಎಂದರೆ ಹೊಲಿಗೆ ಕಲಿಸುವಾಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಕಣ್ಣೀರು ನನ್ನದೇ ಸಂಪಾದನೆ ಅನ್ನಿಸುತ್ತಿತ್ತು.

ಒಂದು ದಿನ ಎದುರು ಮನೆಯ ಟೀಚರ್‌ಬಾಯಿ ತಕರಾರು ತೆಗೆದರು.

"ಬಸ್ಸಿನ್ಯಾಗ ಬ್ಯಾರೇನ ಕೇಳ್ತದಲ್ರೀ ಅಕ್ಕಾರ. ಅಲ್ಲಿ ಜಿಗದಾಡಿಕೋತ ಹಾಡ್ಯಾರ. ರೇಡಿಯೋದಾಗೂ ಹಂಗೇ ಅದ."

"ಅದು ಎರಡನೇ ಲಾಟಿಂದ್ರಿ ಟೀಚರ, ಆಮ್ಯಾಲ ಬಂದ ಮಾಲು. ಮೊದಲ ಲಾಟಿನ್ಯಾಗ ಅವರು ಹಾಡಿದ್ದು ಹಾಡಿದಂಗ ಅದ. ದುಃಖದ್ದು ಖರ್ಚಾಗಂಗಿಲ್ಲ ಅಂತ ಕಂಪನ್ಯಾರು ಆಮ್ಯಾಲ ಜೋರು ಮಾಡ್ಯಾರ."

ಈ ಮಾತು ನನಗೆ ಎಲ್ಲಿಂದ ಬಂತೋ ದೇವರಾಣೆ ಗೊತ್ತಿಲ್ಲ. ಬಾಯಿಗೆ ಬಂತು, ಅಂದೆ. ಸಂಜೆಯ ಹೊತ್ತಿಗೆ ನಾನೇ ನಂಬಿದ್ದೆ. ಹೊಲಿಗೆಯಾಕೆಯ ತವರು ಕೋಟನೂರ. ಅವಳು ಮಾತನ್ನು ಅಲ್ಲಿಗೆ ಒಯ್ದಳು. ತಿಂಗಳೊಳಗೆ ಅಲ್ಲಿಯ ಅಂಗಡಿಯಲ್ಲಿ ಜನ "ಮೊದಲ ಲಾಟಿಂದು ಅದ ಏನ್ರೀ?" ಎಂದು ಕೇಳುತ್ತಿದ್ದಾರೆಂಬ ಸುದ್ದಿ ಬಂತು. ಎರಡೂ ಥರ ಕೇಳಿದವರು ಯಾವುದು ಚೊಲೋ ಎಂದು ಜಗಳಾಡುತ್ತ ನಮ್ಮ ಮನೆಗೇ ಬರುತ್ತಿದ್ದರು. ನಾನು ತೀರ್ಪು ಕೊಡುತ್ತಿದ್ದೆ. ಅಡುಗೆ, ಬಟ್ಟೆ, ಮಕ್ಕಳ ಶಾಲೆ ಇಷ್ಟರಲ್ಲೇ ಇದ್ದವಳಿಗೆ ಇನ್ನೊಬ್ಬರಿಗೆ ಗೊತ್ತಿಲ್ಲದ್ದು ಒಂದು ಗೊತ್ತಿತ್ತು. ಅದೆಷ್ಟು ಸುಖ ಅಂತೀರಿ.

ಆಗ ಬಂದವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಮೈದುನ ಕಮಲಾಪುರದಲ್ಲಿ ಇದ್ದು ಹೊಲ ನೋಡಿಕೊಳ್ಳುತ್ತಾನೆ. ಅವಳ ತವರೂ ಅದೇ ಊರು, ಮದುವೆಯಾಗಿ ಇನ್ನೂ ವರ್ಷವಾಗಿರಲಿಲ್ಲ. ಕೆಂಪು ಬಾಳೆಹಣ್ಣಿನ ಚಿಪ್ಪು ತಂದಿದ್ದಳು. ಹಾಡು ಹಚ್ಚಿ, ನನ್ನ ಪಾಠವನ್ನೆಲ್ಲ ಒಪ್ಪಿಸಿದೆ. ಅವಳು ಹಣ್ಣು ಸುಲಿಯುತ್ತ ಕೇಳಿ, ಅಷ್ಟೇ ಸಲೀಸಾಗಿ ಅಂದಳು:

"ಅವರು ನಮ್ಮನಿಗಿ ಬರತಿದ್ರಲ್ಲಕ್ಕಾ. ನಮ್ಮ ಕಾಕಾ ಅವರಿಗಿ ಪೇಟಿ ಬಾರಸ್ತಿದ್ದ. ತಾಲೀಮಿಗಿ ಬಂದಾಗ ನಾನೇ ಚಾ ಕೊಡತಿದ್ದೆ. ಸಕ್ರಿ ಭಾಳ ಬೇಕಿತ್ತು ಅವರಿಗಿ."

ಅವನ ಉಸಿರಿನ ಲೆಕ್ಕ ನನ್ನ ಹತ್ತಿರವಿತ್ತು, ಅವನ ಸಕ್ಕರೆಯ ಲೆಕ್ಕ ಇವಳ ಹತ್ತಿರ. ಇಷ್ಟು ದಿನ ಹೇಳಿರಲಿಲ್ಲ ಯಾಕೆ ಎಂದರೆ, "ಯಾರ ಕೇಳ್ಯಾರಕ್ಕಾ?" ಅಂದಳು. ಈ ಹಾಡಿನ ತಾಲೀಮು ತುಂಬಿಕೊಂಡ ಕ್ಯಾಸೆಟ್ಟೂ ಅವಳ ಟ್ರಂಕಿನಲ್ಲಿತ್ತು. ಅಲ್ಲಿ ತಾಳವಿಲ್ಲ, ಮೇಳವಿಲ್ಲ, ಬರೀ ಕಾಕಾನ ಹಾರ್ಮೋನಿಯಂ ಮತ್ತು ಅವನ ದನಿ. "ಶಾವಗಿ ಮಾಡಾಕ ಬರತೀನಲ್ಲ, ಆವಾಗ ತರತೀನಿ. ಎಲ್ಲಾರೂ ಕೇಳ್ರಿ" ಎಂದು ಹೋದಳು. ತರದಿರಲಿ ಎಂದು ನಾನು ಬೇಡಿಕೊಂಡದ್ದು ಸುಳ್ಳಲ್ಲ.

ಬೇಸಿಗೆಯಲ್ಲಿ ಶಾವಿಗೆ ಹೊಸೆಯುವ ದಿನ ಓಣಿಯವರೆಲ್ಲ ಸೇರಿದ್ದರು. ಅವಳು ಕ್ಯಾಸೆಟ್ ತಂದಳು. ಹೊಸ ಸೀರೆ ಬೇರೆ ಉಟ್ಟಿದ್ದಳು. ಹಿಟ್ಟಿನ ಕೆಲಸಕ್ಕೆ ಹೊಸ ಸೀರೆ ಯಾಕೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಟೇಪಿಗೆ ಹಾಕಿದೆವು. ಹಾರ್ಮೋನಿಯಂ ಗೊಗ್ಗರು ದನಿಯಲ್ಲಿ ಶುರುವಾಯಿತು, ಅವನು ಹಾಡಿದ, ಮುಗಿಸಿದ. ಆಮೇಲೆ ದೂರದಿಂದ ಯಾರೋ, ನಿದ್ದೆಗಣ್ಣಿನಲ್ಲಿದ್ದಂತೆ, "ಇನ್ನೊಮ್ಮಿ ಹಾಡ್ರಿ ಅಣ್ಣಾ" ಅಂದರು. ಅವನು ನಕ್ಕು ಮತ್ತೆ ಮೊದಲಿನಿಂದ ಹಾಡಿದ.

ಟೀಚರ್‌ಬಾಯಿ ಬಿದ್ದು ಬಿದ್ದು ನಕ್ಕರು. "ಯಾವನೋ ಕುಡದು ಬಂದು ಮೂಲ್ಯಾಗ ಕುಂತಾನ ನೋಡ್ರೆವ್ವ!"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು. ನೆಗೆಣ್ಣಿಯ ಕೈಯಲ್ಲಿದ್ದ ಶಾವಿಗೆಯ ಎಳೆ ಕಡಿಯಿತು.

"ಅಕ್ಕಾ, ನಿಮ್ಮ ಟೇಪ್ ಸಾವಕಾಶ ತಿರಗಾಕತ್ತದ" ಅಂದಳು. "ನಮ್ಮ ಕಾಕಾ ಪೇಟಿಯ ಕರಿ ಎರಡನೇ ಮನಿ ಮ್ಯಾಲೇ ಸ್ವರ ಹಿಡದು ಬಾರಸೋದು, ಎಂದೂ ಆ ಮನಿ ಬದಲ್ ಮಾಡಂಗಿಲ್ಲ. ಇಲ್ಲಿ ಸ್ವರ ಬಿಳಿ ಒಂದರ ಕೆಳಗ ಇಳದದ."

"ನಿಮ್ಮ ಕಾಕಾನ ಪೇಟೀನೇ ಇಳದಿರಬೇಕು."

"ಪೇಟಿ ಹ್ಯಾಂಗ ಇಳೀತದಕ್ಕಾ? ಅದೇನು ತಂಬೂರಿಯೇನು, ತಂತಿ ಢೀಲಾ ಆಗಾಕ?"

"ಇಷ್ಟು ಮಂದಿ ದಿನಾ ಕೇಳ್ತಾರ. ಅವರಿಗೆಲ್ಲ ಕಿವಿ ಇಲ್ಲೇನು?" ಅಂದೆ. ಓಣಿಯವರು ನನ್ನ ಕಡೆಯೇ ತಲೆಯಾಡಿಸಿದರು. ಅವಳು ಶಾವಿಗೆಯನ್ನು ಕೋಲಿಗೆ ಒಣಹಾಕಿ ಕೈ ತೊಳೆದು, ಉಳಿಯುತ್ತೇನೆ ಎಂದು ಬಂದವಳು ಸಂಜೆಯ ಬಸ್ಸಿಗೇ ಹೊರಟಳು. ಕ್ಯಾಸೆಟ್ ಕೊಡಹೋದರೆ, "ಇರ್ಲಿ ಬಿಡ್ರಿ, ನೀವೇ ಕೇಳ್ರಿ" ಅಂದಳು.

ಕರಿ ಎರಡು, ಬಿಳಿ ಒಂದು ನನಗೇನು ತಿಳಿಯಬೇಕು? ಆದರೂ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಕಾಡತೊಡಗಿತು. ಎಂಟು ದಿನ ತಡೆದು, ಟೇಪನ್ನು ಚೀಲದಲ್ಲಿ ಹಾಕಿಕೊಂಡು ಸೂಪರ್ ಮಾರ್ಕೆಟ್‌ನ ರಿಪೇರಿಯವನ ಹತ್ತಿರ ಹೋದೆ. ಅವಳದು ತಪ್ಪೆಂದು ಅವನ ಬಾಯಿಂದ ಹೇಳಿಸಿಕೊಂಡು ಬರಬೇಕೆಂದೇ ಹೋಗಿದ್ದು. ಅವನು ಹಿಂದಿನ ಮುಚ್ಚಳ ಬಿಚ್ಚಿ, ಬೆರಳಿನಿಂದ ಒಳಗಿನ ಬೆಲ್ಟನ್ನು ಎಳೆದ. ಹಳೆಯ ಲಂಗದ ಲಾಡಿಯಂತೆ ಜೋತು ಬಂತು.

"ಪೂರಾ ಢೀಲಾ ಆಗ್ಯದ ಅಕ್ಕಾ. ಬಹುತ್ ದಿನ ಆಗಿರಬೇಕು. ಹಾಡು ಕೇಳಿದ್ರ ಗೊತ್ತೇ ಆಗಲಿಲ್ಲೇನ್ರಿ?"

ಗೊತ್ತಾಗಿತ್ತು ಎನ್ನಲೇ, ಇಲ್ಲ ಎನ್ನಲೇ? ಬೆಲ್ಟ್ ಹಾಕಿಸಿಕೊಂಡು ಬಂದೆ.

ಮನೆಯಲ್ಲಿ ಯಾರೂ ಇರಲಿಲ್ಲ. ಮೊದಲು ನನ್ನ ಕ್ಯಾಸೆಟ್ ಹಚ್ಚಿದೆ. ಬಸ್ಸಿನಲ್ಲಿ ಕೇಳುವ ಹಾಡೇ ಬಂತು. ಲಾಟೂ ಇಲ್ಲ, ಮಣ್ಣೂ ಇಲ್ಲ. ಅವನು ಸಾವಿಗೆ ಹೊರಟಿರಲಿಲ್ಲ, ಚೀಲ ಹಿಡಿದು ಸಂತೆಗೇ ಹೊರಟಿದ್ದ, ಅದೂ ಕುಣಿಯುತ್ತ. ಆಮೇಲೆ ಅವಳ ಕ್ಯಾಸೆಟ್ ಹಾಕಿದೆ. ಹಾಡು ಮುಗಿಯಿತು. ಆಗ ಮೂಲೆಯಿಂದ ಆ ಮಾತು ಬಂತು: "ಇನ್ನೊಮ್ಮಿ ಹಾಡ್ರಿ ಅಣ್ಣಾ." ಕುಡುಕನಲ್ಲ. ಗಂಡಸೂ ಅಲ್ಲ. ನನ್ನ ನೆಗೆಣ್ಣಿ, ಮದುವೆಗೆ ಮೊದಲಿನ ತೆಳ್ಳನೆಯ ದನಿಯಲ್ಲಿ. ಅವಳು ಕೇಳಿದ್ದಕ್ಕೆ ಅವನು ನಕ್ಕಿದ್ದ. ಅವಳು ಕೇಳಿದ್ದಕ್ಕೆ ಎರಡನೇ ಸಲ ಹಾಡಿದ್ದ.

ಹೊಸ ಸೀರೆ ಯಾಕೆಂದು ಆಗ ತಿಳಿಯಿತು. ತನ್ನ ದನಿಯನ್ನು ನಾವೆಲ್ಲ ಗುರುತಿಸುತ್ತೇವೆಂದು ಉಟ್ಟುಕೊಂಡು ಬಂದಿದ್ದಳು. ನಾವು ಕುಡುಕ ಎಂದು ನಕ್ಕಿದ್ದೆವು.

ಪಾಪ ಅನ್ನಿಸಿತು ಎಂದು ಬರೆದರೆ ಸುಳ್ಳಾಗುತ್ತದೆ. ಪಾಪ ಆಮೇಲೆ ಬಂತು. ಮೊದಲು ಬಂದದ್ದು ಹೊಟ್ಟೆಯುರಿ. ವರ್ಷಗಟ್ಟಲೆ ಅವನ ಹಾಡು ಕೇಳಿದವಳು ನಾನು. ಅವನಿಗೆ ನನ್ನ ಒಂದು ಮಾತೂ ಮುಟ್ಟಿಲ್ಲ. ಇವಳು ಚಹಾದ ಬಟ್ಟಲು ಎತ್ತಿಕೊಳ್ಳುತ್ತ ಮೂರು ಶಬ್ದ ಅಂದು ಅವನ ಹಾಡಿನೊಳಗೇ ಉಳಿದುಬಿಟ್ಟಿದ್ದಳು. ಆ ಮೂರು ಶಬ್ದವನ್ನು ಅಳಿಸಿಬಿಟ್ಟರೆ ಎಂದು ಒಂದು ಗಳಿಗೆ ರೆಕಾರ್ಡಿನ ಗುಂಡಿಯ ಮೇಲೆ ನನ್ನ ಬೆರಳು ಇದ್ದದ್ದೂ ನಿಜ. ಒತ್ತಲಿಲ್ಲ. ಓಣಿಯವರು ಬಂದರೆ ಟೇಪ್ ಕೆಟ್ಟಿದೆ ಎಂದು ಹೇಳಿ ಹದಿನೈದು ದಿನ ಕಳೆದೆ.

ಕೊನೆಗೆ ಕ್ಯಾಸೆಟ್ ಹಿಂದಿರುಗಿಸಲು ಕಮಲಾಪುರಕ್ಕೆ ಹೋದೆ. ಅವಳು ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ನಾನೂ ಎದುರಿಗೆ ಕೂತು ಬಿಡಿಸತೊಡಗಿದೆ.

"ಟೇಪ್ ರಿಪೇರಿ ಆಯ್ತೇನಕ್ಕಾ?"

"ಆಯ್ತು."

"ಕೇಳಿದ್ರೇನು?"

"ಕೇಳಿದೆ. ಪೇಟಿ ಭಾಳ ಚೊಲೋ ಬಾರಸ್ಯಾನ ನಿಮ್ಮ ಕಾಕಾ."

ನಾನು ಹತ್ತು ಮೆಣಸಿನಕಾಯಿ ಬಿಡಿಸುವವರೆಗೂ ಅವಳು ಕಾದಳು.

"ಇನ್ನೊಮ್ಮಿ ಅಂದಾಕಿ ನೀನೇ ಅಲ್ಲೇನು?" ಅಂದೆ.

ಅವಳ ಮುಖ ಕೆಂಪಾಯಿತು. "ಹ್ಞೂಂ" ಅಂದಳು. ತಲೆಯೆತ್ತದೆ, "ನನ್ನ ಮುಂದ ಅಂದ್ರೇನ ಬಂತಕ್ಕಾ? ನಕ್ಕವರ ಮುಂದ ಅನ್ರಿ" ಅಂದಳು. ಕ್ಯಾಸೆಟ್ಟನ್ನು ಮತ್ತೆ ನನ್ನ ಚೀಲದಲ್ಲೇ ಇಟ್ಟಳು.

ಮರುದಿನ ಓಣಿಯವರನ್ನು ನಾನೇ ಕರೆದೆ. ಬೆಲ್ಟಿನ ವಿಷಯ ಹೇಳಿದೆ, ಲಾಟಿನ ಮಾತು ನನ್ನ ಬಾಯಿಂದ ಹುಟ್ಟಿದ್ದೆಂದೂ ಹೇಳಿದೆ. ಟೀಚರ್‌ಬಾಯಿ ನನ್ನನ್ನೇ ನೋಡಿದರು. ಹೊಲಿಗೆಯಾಕೆ, "ಹಂಗಾದ್ರ ನಾನು ಅತ್ತಿದ್ದು ಬೆಲ್ಟಿಗೇನ್ರೀ?" ಎಂದು ಸಿಟ್ಟಾದಳು. ಕೋಟನೂರಿಗೆ ಯಾವ ಮುಖ ಹೊತ್ತು ಹೋಗಲಿ ಅಂದಳು. ನಾನು ಕ್ಯಾಸೆಟ್ ಹಚ್ಚಿದೆ. ಆ ಮೂರು ಶಬ್ದ ಬಂದಾಗ, "ಇದು ನಮ್ಮ ನೆಗೆಣ್ಣಿ" ಅಂದೆ. ನನ್ನ ಈ ಮೂರು ಶಬ್ದ ಅನ್ನಲು ಪಟ್ಟ ಕಷ್ಟವನ್ನು ಎರಡು ಹೆರಿಗೆಯಲ್ಲೂ ಪಟ್ಟಿರಲಿಲ್ಲ.

ಎಲ್ಲರೂ ಒಮ್ಮೆಲೇ ಶುರುಮಾಡಿದರು. ಅವನು ಹ್ಯಾಂಗಿದ್ದ, ಎದುರಿಗೆ ಕೂತರೆ ಹ್ಯಾಂಗ ಮಾತಾಡುತ್ತಿದ್ದ, ಮತ್ತೇನು ಹಾಡಿದ್ದ. ಕೇಳಿದ್ದು ನನ್ನನ್ನಲ್ಲ, ಅವಳನ್ನು ಕೇಳಬೇಕೆಂದು ತಮ್ಮತಮ್ಮಲ್ಲೇ. ಸಕ್ಕರೆಯ ಸಂಗತಿ ನನಗೆ ಗೊತ್ತಿತ್ತು, ಹೇಳಲಿಲ್ಲ.

ಆಮೇಲೆ ಎಷ್ಟೋ ತಿಂಗಳು, ಬಾಗಿಲಲ್ಲಿ ನಿಂತಾಗಲೆಲ್ಲ ಯಾರಾದರೊಬ್ಬರು ಕೂಗಿ ಕೇಳುತ್ತಿದ್ದರು: "ನಿಮ್ಮ ನೆಗೆಣ್ಣಿ ಯಾವಾಗ ಬರತಾಳ್ರೀ ಅಕ್ಕಾರ?"

"ಗೊತ್ತಿಲ್ರೀ" ಅನ್ನುತ್ತಿದ್ದೆ. ಗೊತ್ತಿರುತ್ತಿತ್ತು.