ವ್ಯಾಜ್ಯಗಾರ ಅಜ್ಜನ ತಕರಾರು

ದೇವಸಮುದ್ರದ ಹತ್ತಿರ ಒಂದು ಹೊಲ ಅಳೆಯಲು ಹೊರಟಾಗ ಕಚೇರಿಯಲ್ಲಿ ಎಚ್ಚರಿಸಿದ್ದರು: "ಆ ಅಜ್ಜ ದೊಡ್ಡ ವ್ಯಾಜ್ಯಗಾರ. ಸ್ವಂತ ತಂಗಿ ಮೇಲೇ ಕೇಸು ಹಾಕಿದಾನೆ." ನಾನು ಸರ್ವೆಯರ್, ಇಂಥವರು ನನಗೆ ಹೊಸಬರಲ್ಲ.

ಅಳತೆ ನಕ್ಷೆಗೆ ಸರಿಯಾಗಿ ಹೊಂದಿತು. ಆದರೂ ಅಜ್ಜ, "ಸರಿಯಿಲ್ಲ ಸಾರ್, ತಕರಾರು ಬರ್ಕಳ್ರಿ" ಅಂದ. ಬಿಸಿಲಲ್ಲಿ ಮೂರು ಸಲ ಅಳೆದಿದ್ದ ನನಗೆ ರೇಗಿತು. "ಅಜ್ಜಾ, ವ್ಯಾಜ್ಯ ಅನ್ನೋ ಮಾತು ಹುಟ್ಟಿದ್ದೇ ವ್ಯಾಜದಿಂದ. ವ್ಯಾಜ ಅಂದ್ರೆ ನೆಪ. ನಿಮ್ದೂ ಬರೀ ನೆಪ!" ಅಂದೆ.

ಅಜ್ಜ ಸಿಟ್ಟಾಗಲಿಲ್ಲ. ಬದುವಿನ ಆಚೆ ನಿಂತಿದ್ದ ತಂಗಿಯನ್ನು ನೋಡುತ್ತಾ ಮೆಲ್ಲಗೆ ಹೇಳಿದ: "ಹೌದು ಬಿಡ್ರಿ. ಅವ್ವ ಹೋದ್ಮೇಲೆ ಇವಳು ತವರಿಗೆ ಬರಾದೇ ಬಿಟ್ಟಿದ್ಲು. ಈಗ ವಾಯಿದೆ ದಿನ ತಪ್ಪದೆ ಮೊಳಕಾಲ್ಮುರಿನ ಕೋರ್ಟಿಗೆ ಬರ್ತಾಳೆ. ಕಣ್ಣಿಗಾದ್ರೂ ಬೀಳ್ತಾಳೆ."

ನಾನು ಕಾಗದ ಹಿಡಿದು ತಂಗಿಯ ಹತ್ತಿರ ಹೋದೆ. ಅವಳ ಪಾಲು ಪೂರ್ತಿ ಅವಳಿಗೇ ಬಂದಿತ್ತು. "ಒಪ್ಪಿಗೆ ತಾನೇ, ಅಮ್ಮಾ?"

ಆಕೆ ಅಣ್ಣನ ಕಡೆ ಒಮ್ಮೆ ನೋಡಿದಳು. "ಇಲ್ಲಪ್ಪ, ನಂದೂ ತಕರಾರೈತೆ" ಅಂದು, ಅಣ್ಣನ ಪೆನ್ನನ್ನೇ ಇಸಕೊಂಡು ಸಹಿ ಹಾಕಿದಳು.

ತಕರಾರಿಗೆ ಕಾರಣ ಬರೆಯಲೇಬೇಕಿತ್ತು. 'ಸರ್ವೆಯರ್ ಅಳತೆ ತಪ್ಪು' ಎಂದು ನಾನೇ ಬರೆದೆ.